ಕಾಗದ ಹಾರದ ಹಾಗೆ

ಜುಲೈ ೩

ಸೀಟಿ ಮೇಡಂ ಅವರ ಸನ್ನಿಧಾನಕ್ಕೆ,

ಈ ಅಕ್ಷರ ನೋಡಿ ಯಾವುದೋ ಕೋಳಿ ಕಾಗದ ಕೆದರಿದೆ ಅಂದುಕೊಳ್ಳಬೇಡ. ನಿಮ್ಮಪ್ಪನದೇ, ಎಡಗೈಯದು. ಬಲಗೈಗೆ ರಜೆ, ಎಡಗೈಗೆ ಸಜೆ. ಅರವತ್ತು ದಾಟಿದ ಮೇಲೆ ಒಂದನೇ ಕ್ಲಾಸಿಗೆ ಸೇರಿದ ಹಾಗಾಗಿದೆ. ‘ಅ’ ಬರೆಯಲು ಹೋದರೆ ಮಲಗಿಬಿಡುತ್ತದೆ, ‘ಳ’ ಬರೆದರೆ ದಾರದ ಸಿಕ್ಕು.

ಫೋನು ಯಾಕೆ ಎತ್ತುವುದಿಲ್ಲ ಅಂತ ಬಯ್ಯುತ್ತೀಯ. ಲಕ್ವ ಹೊಡೆದ ಮೇಲೆ ನನ್ನ ಬಾಯಿಯ ಒಂದು ಕಡೆಯಿಂದ ಮಾತು ಬರುತ್ತದೆ, ಇನ್ನೊಂದು ಕಡೆಯಿಂದ ಜೊಲ್ಲು ಬರುತ್ತದೆ. ಮೊನ್ನೆ ‘ಚೆನ್ನಾಗಿದ್ದೀನಿ’ ಅಂದರೆ ನೀನು ‘ಏನಪ್ಪಾ? ಏನು?’ ಅಂತ ಕೇಳಿದ್ದೇ ಕೇಳಿದ್ದು. ಚೆನ್ನಾಗಿರುವುದನ್ನು ಅಷ್ಟು ಸಲ ಹೇಳಬೇಕಾದರೆ ಹೇಳುವವನಿಗೇ ಅನುಮಾನ ಬರುತ್ತದೆ. ಅದಕ್ಕೇ ಕಾಗದ.

ಕಾಲು ಪರವಾಗಿಲ್ಲ. ಕೋಲು ಹಿಡಿದು, ಗೋಡೆ ಸವರಿಕೊಂಡು ಕೆಳಗೆ ನಮ್ಮ ಹೊಲಿಗೆ ಅಂಗಡಿಯವರೆಗೂ ಇಳಿಯುತ್ತೇನೆ. ಕೈಯದೇ ಕಥೆ. ಎಡಗೈ ಬರೆಯುವಾಗ ಕಾಗದ ಹಿಡಿದುಕೊಳ್ಳುವುದು ಬಲಗೈ ಕೆಲಸವಲ್ಲವೇ? ಅದು ಹಿಡಿಯುವುದಿಲ್ಲ. ಫ್ಯಾನು ನಿಲ್ಲಿಸಿದರೆ ನಿಮ್ಮಮ್ಮನಿಗೆ ಸೆಕೆ, ಹಾಕಿದರೆ ಕಾಗದ ಹಾರಿ ಮಂಚದ ಕೆಳಗೆ. ಅದಕ್ಕೆ ನನ್ನ ದೊಡ್ಡ ಕತ್ತರಿಯನ್ನು ಅಂಗಡಿಯಿಂದ ತರಿಸಿ ಕಾಗದದ ಮೇಲೆ ಇಟ್ಟಿದ್ದೇನೆ. ಊರಿನ ಷರಟು ಪ್ಯಾಂಟುಗಳನ್ನೆಲ್ಲ ಕತ್ತರಿಸಿದ ಕತ್ತರಿ, ಈಗ ಕಾಗದದ ಮೇಲಿನ ಕಲ್ಲು.

ಕೈ ಸುಮ್ಮನೆ ಬಿದ್ದುಕೊಂಡಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಅದು ಮುಷ್ಟಿ ಕಟ್ಟುತ್ತದೆ. ಮೊನ್ನೆ ನಿನ್ನ ಸೋದರಮಾವ ಬಂದಿದ್ದ. ‘ಭಾವ, ಇನ್ನೇನು ಅಂಗಡಿ ಮುಚ್ಚಿಬಿಡಿ’ ಅಂದ. ನಾನು ಮರ್ಯಾದೆಯಿಂದ ‘ನೀನು ಬಂದದ್ದು ಸಂತೋಷ’ ಅಂದೆ. ಅಷ್ಟರಲ್ಲಿ ಮುಷ್ಟಿ ಬಿಗಿದು, ಮೊಣಕೈ ಮಡಚಿ, ಕೈ ಎದೆಯವರೆಗೆ ಬಂತು, ಗುದ್ದಲು ಹೊರಟವನ ಹಾಗೆ. ಅವನು ಕುರ್ಚಿ ಹಿಂದಕ್ಕೆ ಎಳೆದುಕೊಂಡ. ಬಾಯಿಗೆ ಬರುವ ಸುಳ್ಳು ಈ ಕೈಗೆ ಬರುವುದಿಲ್ಲ ಪುಟ್ಟಿ. ಅದರ ಮೇಲೆ ಟವೆಲ್ ಹೊದಿಸಿಕೊಂಡು ಕೂರುತ್ತೇನೆ.

ಅರ್ಧ ಬಾಯಿಯ, ಒಂಟಿ ಕೈಯ,
ನಿನ್ನ ಅಪ್ಪ


ಜುಲೈ ೧೪

ಅಪ್ಪಾ,

ಪಾರ್ಸಲ್ ತಲುಪಿರಬೇಕು. ಅದರಲ್ಲಿ ಒಂದು ಸೀಟಿ ಇದೆ, ಒಂದು ಸ್ಟಾಪ್‌ವಾಚ್ ಇದೆ. ಸೀಟಿ ಅಮ್ಮನಿಗೆ, ವಾಚೂ ಅಮ್ಮನಿಗೆ, ಕೆಲಸ ನಿನಗೆ.

ಕೆಲಸ ಇಷ್ಟೇ. ಅಂಗಡಿಯ ಗುಂಡಿ ಡಬ್ಬಿ ಮೇಲಕ್ಕೆ ತರಿಸು. ಪಕ್ಕದಲ್ಲಿ ಒಂದು ಖಾಲಿ ಡಬ್ಬಿ ಇಡು. ಅಮ್ಮ ಸೀಟಿ ಊದಿದ ತಕ್ಷಣ ಬಲಗೈಯಿಂದ ಒಂದೊಂದೇ ಗುಂಡಿ ಈ ಡಬ್ಬಿಯಿಂದ ಆ ಡಬ್ಬಿಗೆ. ಇವತ್ತಿಗಿಂತ ನಾಳೆ ಬೇಗ, ನಾಳೆಗಿಂತ ನಾಡಿದ್ದು ಬೇಗ. ಎಷ್ಟು ಬೇಗ ಅಂತ ನನಗೆ ಬರೆಯಬೇಕು. ಸ್ಕೂಲಿನಲ್ಲಿ ಇಷ್ಟು ವರ್ಷ ಆಟ ಆಡಿಸಿ ನಾನು ಕಲಿತದ್ದು ಇದೊಂದೇ: ಅಳೆಯದೇ ಇದ್ದರೆ ಯಾರೂ ಮುಂದೆ ಬರುವುದಿಲ್ಲ. ಅಳತೆಯ ಮಾತನ್ನು ದರ್ಜಿಗೆ ನಾನು ಹೇಳಬೇಕಾ?

ನಿನ್ನ ಕಸರತ್ತಮ್ಮ, ಆ ಫಿಸಿಯೋಥೆರಪಿಯವರು, ವಾರಕ್ಕೊಮ್ಮೆ ಬಂದು ಕೈ ನೀವಿ ‘ನಿಧಾನ, ನಿಧಾನ’ ಅಂತಾರಂತೆ. ನಿಧಾನ ಅನ್ನುವ ಕೋಚು ಯಾವ ಕಪ್ಪನ್ನೂ ಗೆದ್ದಿಲ್ಲ. ಲಕ್ವ ಹೊಡೆದ ಮೊದಲ ಕೆಲವು ತಿಂಗಳಲ್ಲಿ ಕೈ ಎಷ್ಟು ಬರುತ್ತೋ ಅಷ್ಟೇ ಅಂತ ಎಲ್ಲೋ ಓದಿದೆ. ಓದಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಇನ್ನೊಂದು. ಎದುರು ಮನೆಯವರನ್ನು ಕರೆಯಿರಿ. ಜನ ನೋಡುತ್ತಿದ್ದರೆ ಕಾಲು ತಾನಾಗಿ ಓಡುತ್ತದೆ. ಇದನ್ನು ನನಗೆ ಕಲಿಸಿದ್ದೂ ನೀನೇ. ಕಟಿಂಗ್ ಮೇಜನ್ನು ಗಾಜಿನ ಹಿಂದೆ ಹಾಕಿಸಿ, ಚಾಕಿನ ಗೀಟು ಎಳೆಯದೆ ಬಟ್ಟೆ ಕತ್ತರಿಸಿ, ಬೀದಿಯವರು ಬಾಯಿ ಬಿಟ್ಟುಕೊಂಡು ನಿಲ್ಲುವ ಹಾಗೆ ಮಾಡಿದವನಲ್ಲವಾ ನೀನು?

ಟವೆಲ್ ತೆಗಿ, ಅಲ್ಲಿಗೆ ಮುಗೀತು ನಾಚಿಕೆ!

ನಿನ್ನ ಕೋಚು,
ಪುಟ್ಟಿ


ಆಗಸ್ಟ್ ೨

ಕೋಚಮ್ಮನವರಿಗೆ ಆಟಗಾರನ ವರದಿ.

ನಿಮ್ಮಮ್ಮ ಸೀಟಿ ಊದಿದರೆ ಎದುರುಮನೆಯಾಕೆ ಓಡಿಹೋಗಿ ಕುಕ್ಕರ್ ಆರಿಸುತ್ತಾಳೆ. ಒಂದು ವಾರ ಅವರ ಮನೆಯ ಬೇಳೆ ಬೇಯಲಿಲ್ಲವಂತೆ. ಕಾರಣ ತಿಳಿದ ಮೇಲೆ ಆಕೆಯೂ ನೋಡಲು ಬರತೊಡಗಿದಳು. ರಿಟೈರಾದ ಪೋಸ್ಟ್‌ಮಾಸ್ಟರರು ತಮ್ಮ ಕುರ್ಚಿ ತಾವೇ ಹೊತ್ತು ತರುತ್ತಾರೆ. ನಮ್ಮ ಕುರ್ಚಿಯಲ್ಲಿ ಕೂತರೆ ಡಬ್ಬಿ ಕಾಣಿಸುವುದಿಲ್ಲವಂತೆ.

ಮೊನ್ನೆ ಒಂದು ಪವಾಡ ನಡೆಯಿತು. ನನಗೆ ಆಕಳಿಕೆ ಬಂತು. ಬಾಯಿ ತೆರೆದದ್ದೇ ತಡ, ಬಲಗೈ ತಾನಾಗಿ ಮೇಲೆದ್ದಿತು. ನಾನು ಎತ್ತಿದ್ದಲ್ಲ, ಅದೇ ಎದ್ದದ್ದು. ಲಕ್ವ ಆದವರಿಗೆ ಹೀಗಾಗುವುದುಂಟು ಅಂತ ಆಮೇಲೆ ಕಸರತ್ತಮ್ಮ ಹೇಳಿದರು. ಆದರೆ ಆ ಹೊತ್ತಿಗೆ ಕೋಣೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ‘ಇನ್ನೊಂದ್ಸಲ ಮಾಸ್ಟ್ರೇ, ಇನ್ನೊಂದ್ಸಲ!’ ಬೇಕೆಂದಾಗ ಆಕಳಿಕೆಯನ್ನು ಎಲ್ಲಿಂದ ತರಲಿ? ಆಕಳಿಕೆ ಅಂಟುತ್ತದೆ ಅಂತ ಪೋಸ್ಟ್‌ಮಾಸ್ಟರರು ನನ್ನ ಮುಖದ ಮುಂದೆ ನಿಂತು ಆಕಳಿಸಿ ತೋರಿಸಿದರು. ಅವರನ್ನು ನೋಡಿ ಎದುರುಮನೆಯಾಕೆ ಆಕಳಿಸಿದಳು, ಆಕೆಯನ್ನು ನೋಡಿ ನಿಮ್ಮಮ್ಮ. ಇಡೀ ಕೋಣೆ ಆಕಳಿಸಿತು, ನನ್ನೊಬ್ಬನನ್ನು ಬಿಟ್ಟು. ಆವತ್ತಿನಿಂದ ಆಕಳಿಕೆ ಬಂದರೆ ಹಲ್ಲು ಕಚ್ಚಿ ನುಂಗುತ್ತೇನೆ.

ನಮ್ಮ ಅಂಗಡಿಯ ಟ್ರಯಲ್ ರೂಮಿಗಾದರೂ ಒಂದು ಪರದೆ ಇತ್ತು.

ಇರಲಿ. ನಿನ್ನ ಗುಂಡಿ ಆಟ ಚೆನ್ನಾಗಿ ನಡೆದಿದೆ. ಡಬ್ಬಿ ಬೇಗ ಬೇಗ ಖಾಲಿಯಾಗುತ್ತಿದೆ. ಸಂತೋಷ.

ಅಪ್ಪ


ಆಗಸ್ಟ್ ೧೬

ಅಪ್ಪಾ ಅಪ್ಪಾ ಅಪ್ಪಾ,

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದೆ. ಆಕಳಿಕೆಯ ಕಥೆಗೆ ಡ್ರಾಯಿಂಗ್ ಟೀಚರ್ ಕಣ್ಣೀರು ಬರುವಷ್ಟು ನಕ್ಕರು. ಸೋಮವಾರ ಬೆಳಿಗ್ಗೆ ಮಕ್ಕಳೆಲ್ಲ ಸಾಲಾಗಿ ನಿಂತಾಗ ಮೈಕಿನಲ್ಲೂ ಹೇಳಿದೆ: ‘ನಮ್ಮಪ್ಪನ ಕೈ ಬಿದ್ದುಹೋಗಿತ್ತು. ಒಂದು ಸೀಟಿ, ಒಂದು ಡಬ್ಬಿ ಗುಂಡಿ, ಮೇಲೆದ್ದಿತು!’ ಅಷ್ಟು ಚಪ್ಪಾಳೆ ನಮ್ಮ ಸ್ಕೂಲು ಕಪ್ ಗೆದ್ದಾಗಲೂ ಬಿದ್ದಿರಲಿಲ್ಲ.

ಈಗ ದೊಡ್ಡ ಸುದ್ದಿ. ಡಿಸೆಂಬರಿನ ಕ್ರೀಡೋತ್ಸವಕ್ಕೆ ನಮ್ಮ ತಂಡಗಳಿಗೆಲ್ಲ ಹೊಸ ನೀಲಿ ಸಮವಸ್ತ್ರ. ಹೊಲಿಯುವುದು ನಮ್ಮ ಅಂಗಡಿ, ಕತ್ತರಿಸುವುದು ನೀನು! ಹೊಲಿಗೆಗೆ ಅಂಗಡಿಯಲ್ಲಿ ಮಿಷನ್ ತುಳಿಯುವ ಮುದುಕಪ್ಪ ಇದ್ದೇ ಇದ್ದಾನೆ. ಹೆಡ್‌ಮಿಸ್‌ಗೆ ಮೊದಲು ಅನುಮಾನ ಇತ್ತು. ‘ಬಂದು ಕಣ್ಣಾರೆ ನೋಡಿ ಮೇಡಂ’ ಅಂದೆ. ಮುಂದಿನ ತಿಂಗಳ ಮೊದಲ ಶನಿವಾರ ನನ್ನ ಜೊತೆ ಬರುತ್ತಾರೆ. ಬಟ್ಟೆಯೂ ತರುತ್ತೇವೆ. ಅವರ ಮುಂದೆ ಒಂದೇ ಒಂದು ಷರಟು ಕತ್ತರಿಸಿಬಿಡು, ಸಾಕು.

ಮಾವನಿಗೂ ಹೇಳಿ ಕಳಿಸು. ಅಂಗಡಿ ಮುಚ್ಚು ಅಂದವನಲ್ಲವಾ, ಬಂದು ನೋಡಲಿ.

ಹೆಮ್ಮೆಯ ಮಗಳು,
ಪುಟ್ಟಿ


ಆಗಸ್ಟ್ ೨೭

ಪುಟ್ಟಿ,

ಕಾಗದ ತಲುಪಿತು. ಸಂತೋಷ.

ಅಂಗಡಿಗೆ ಬಣ್ಣ ಹೊಡೆಸಬೇಕು ಅಂತಿದ್ದೇವೆ. ವಾಸನೆ ಇರುತ್ತದೆ. ಹೆಡ್‌ಮಿಸ್ ಅವರಿಗೆ ತಲೆನೋವು ಬಂದರೆ ಕಷ್ಟ. ಸಮವಸ್ತ್ರ ಮುಂದಿನ ವರ್ಷಕ್ಕಾದರೆ ಆಗುವುದಿಲ್ಲವೇ, ಕೇಳಿ ನೋಡು.

ಅಪ್ಪ


ಸೆಪ್ಟೆಂಬರ್ ೧೦

ಅಮ್ಮಾ,

ಅಪ್ಪನಿಗೆ ಬರೆಯಲು ಕೂತೆ. ‘ಅಪ್ಪಾ’ ಅಂತ ಬರೆದು ಪೆನ್ನು ಕೆಳಗಿಟ್ಟೆ. ನಿನಗೆ ಬರೆಯುತ್ತಿದ್ದೇನೆ. ಅವನಿಗೆ ಓದಿ ಹೇಳಬೇಡ.

ಆ ಶನಿವಾರ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಗೋಡೆ ಕಂಡಿತು. ಹಳೆಯ ಬಣ್ಣ, ಹಳೆಯ ಕೊಳೆ. ಅಲ್ಲೇ ನಾನು ನಿಲ್ಲಬೇಕಿತ್ತು. ನಿಲ್ಲುವ ಅಭ್ಯಾಸ ನನಗಿಲ್ಲ. ಮೇಜಿನ ಮೇಲೆ ನೀಲಿ ಬಟ್ಟೆ ಹರಡಿದೆ. ಗಾಜಿನ ಆಚೆ ಪೋಸ್ಟ್‌ಮಾಸ್ಟರರು, ಎದುರುಮನೆಯವರು, ಮಾವ. ಅಪ್ಪ ಟವೆಲ್ ತೆಗೆಯಲಿಲ್ಲ. ನಾನೇ ಎಳೆದೆ. ‘ಇವರಿಗೆ ಸ್ವಲ್ಪ ನಾಚಿಕೆ ಮೇಡಂ’ ಅಂತ ನಗಾಡಿದೆ.

ಮುಷ್ಟಿ ಕಲ್ಲಿನ ಹಾಗಿತ್ತು. ಒಂದೊಂದೇ ಬೆರಳು ಬಿಡಿಸಿ ಕತ್ತರಿಯ ಹಿಡಿಯೊಳಗೆ ತುರುಕಿದೆ. ಒಂದನ್ನು ತುರುಕಿದರೆ ಇನ್ನೊಂದು ಮಡಚಿಕೊಳ್ಳುತ್ತಿತ್ತು. ‘ಕಮಾನ್ ಅಪ್ಪಾ, ಕಮಾನ್’ ಅಂದೆ. ಮೈದಾನದಲ್ಲಿ ಕೂಗುವ ದನಿ, ಅಮ್ಮಾ. ಅಪ್ಪನ ಕಿವಿ ಕೆಂಪಾಗಿತ್ತು. ಆಮೇಲೆ ಅಂಗೈ ಕಂಡಿತು. ಉಗುರು ನೆಟ್ಟ ಗಾಯಗಳು, ಕೆಲವು ಒಣಗಿದ್ದು, ಕೆಲವು ಹಸಿ. ಒಂದು ಹನಿ ರಕ್ತ ನೀಲಿ ಬಟ್ಟೆಗೆ ಬಿತ್ತು.

ಆಗ ಅಪ್ಪ ಏನಂದ, ನೆನಪಿದೆಯಾ? ‘ಬಟ್ಟೆ ಕೊಳೆಯಾಯ್ತು, ಕ್ಷಮಿಸಿ’ ಅಂದ. ಹೆಡ್‌ಮಿಸ್‌ಗೆ. ಆ ಸೊಟ್ಟ ಬಾಯಿಯಲ್ಲಿ, ಒಂದು ಅಕ್ಷರವೂ ತಪ್ಪದ ಹಾಗೆ, ಅಷ್ಟು ಕಷ್ಟಪಟ್ಟು.

ಬಸ್ಸಿನಲ್ಲಿ ಹೆಡ್‌ಮಿಸ್ ಕಿಟಕಿ ಕಡೆ ತಿರುಗಿ ಕೂತರು. ಬೈದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು.

ಡಬ್ಬಿ ಬೇಗ ಬೇಗ ಖಾಲಿಯಾಗುತ್ತಿದೆ ಅಂತ ಬರೆದಿದ್ದನಲ್ಲಾ ಅಮ್ಮಾ? ಅದು ಹೇಗೆ?

ಪುಟ್ಟಿ


ಸೆಪ್ಟೆಂಬರ್ ೨೦

ಪುಟ್ಟಿಗೆ ಅಮ್ಮ ಬರೆಯೋದು,

ನಿನ್ನ ಕಾಗದ ಓದಿ ಹೇಳಲಿಲ್ಲ. ಕೇಳಲೂ ಇಲ್ಲ ಅವರು. ಪೋಸ್ಟ್ ಬಂದಾಗ ಕವರಿನ ಮೇಲಿನ ಅಕ್ಷರ ನೋಡಿ ಗೋಡೆ ಕಡೆ ತಿರುಗಿದರು.

ಗುಂಡಿ ಕೇಳಿದೆಯಲ್ಲ. ನಿಮ್ಮಪ್ಪ ಎಡಗೈಲಿ ಎತ್ತಿ ಹಾಕ್ತಿದ್ದರು ಕಣೆ. ಜನ ಇದ್ದಾಗ ಬಲಗೈ ಡಬ್ಬಿ ಮೇಲೇ ಮುಷ್ಟಿ ಕಟ್ಟಿಕೊಂಡು ನಿಂತುಬಿಡೋದು. ಅವರೆಲ್ಲ ಎದ್ದು ಹೋದ ಮೇಲೆ ‘ಈಗ ಒಬ್ಬನೇ ಮಾಡ್ತೀನಿ, ನೀನು ಒಳಗಿಂದ ಸೀಟಿ ಊದು’ ಅನ್ನೋರು. ನಾನು ಅಡುಗೆಮನೆಯಿಂದ ಊದ್ತಿದ್ದೆ. ಗುಂಡಿ ಟಪಟಪ ಬೀಳೋದು ಕೇಳಿಸ್ತಿತ್ತು. ಬಲಗೈಯಾಗಿದ್ದರೆ ಒಂದು ಗುಂಡಿ ಬಿದ್ದು ಇನ್ನೊಂದು ಬೀಳೋ ಹೊತ್ತಿಗೆ ಅನ್ನ ಬೆಂದಿರಬೇಕು. ನನಗೆ ಗೊತ್ತಾಗಲ್ವಾ? ಗೊತ್ತಿದ್ದೂ ‘ಭೇಷ್ ರೀ’ ಅಂದೆ. ಅವರಿಗೆ ನಿನ್ನ ಮುಂದೆ ನಾಚಿಕೆ, ನನಗೆ ಅವರ ಮುಂದೆ ನಾಚಿಕೆ. ಉಗುರೂ ಅಷ್ಟೇ, ‘ನಾನೇ ತೆಗೆದುಕೊಂಡೆ’ ಅನ್ನೋರು, ನಾನು ಮುಷ್ಟಿ ಬಿಡಿಸಿ ನೋಡಲಿಲ್ಲ. ನೀನು ದೂರ ಇದ್ದೆ. ನಾನು ಒಂದೇ ಮನೆಯಲ್ಲಿದ್ದೆ.

ನೀನು ಹೋದ ಮೇಲೆ ಕಸರತ್ತಮ್ಮ ಬಂದಳು. ನಾನು ಎಲ್ಲಾ ಹೇಳಿದೆ. ಆಯಮ್ಮ ಬೈಲಿಲ್ಲ. ತನ್ನದೂ ತಪ್ಪಿದೆ ಅಂದಳು, ‘ಸೀಟಿ ವಿಷಯ ಗೊತ್ತಿದ್ದೂ ನಗುತ್ತಾ ಹೋಗಿಬಿಟ್ಟೆ’ ಅಂತ. ಆಮೇಲೆ ಕೂರಿಸಿ ಹೇಳಿದಳು. ಮೆದುಳಲ್ಲಿ ಹಳೇ ದಾರಿ ಮುಚ್ಚಿಹೋಗಿದೆಯಂತೆ, ಈಗ ಅದು ಹೊಸ ದಾರಿ ಹುಡುಕ್ತಾ ಇದೆಯಂತೆ. ಅಭ್ಯಾಸ ಬೇಕೇ ಬೇಕಂತೆ. ಆದರೆ ಟೆನ್ಷನ್, ಅವಸರ, ಅವಮಾನ ಆದಾಗ ಇಂಥ ಕೈ ಇನ್ನಷ್ಟು ಬಿಗೀತದಂತೆ, ರಾತ್ರಿ ನಿದ್ದೆ ಕೆಡುತ್ತದಂತೆ, ನಿದ್ದೆ ಕೆಟ್ಟರೆ ಹಗಲು ಕಲಿತದ್ದೂ ನಿಲ್ಲೋದಿಲ್ಲವಂತೆ. ‘ಹೆದರಿದ ಕೈ ಹೇಗೆ ಕಲಿಯುತ್ತೆ ಹೇಳಿ’ ಅಂದಳು. ಎಷ್ಟು ಬರುತ್ತೆ ಅಂತ ಕೇಳಿದೆ. ‘ನಾನು ಮಾತು ಕೊಡಲ್ಲ, ನೀವೂ ಯಾರಿಗೂ ಕೊಡಬೇಡಿ’ ಅಂದಳು.

ನಿಮ್ಮಪ್ಪ ಬಾಯಲ್ಲಿ ಸಂತೋಷ ಸಂತೋಷ ಅಂತಿದ್ದರು, ಕೈ ನಮ್ಮ ಎದುರಿಗೇ ಇಲ್ಲ ಇಲ್ಲ ಅಂತಿತ್ತು. ನಾವು ಬಾಯಿ ಮಾತು ಕೇಳಿದೆವು, ಅದು ಕೇಳೋಕೆ ಸುಲಭ ನೋಡು.

ಪೋಸ್ಟ್‌ಮಾಸ್ಟರರಿಗೆ ‘ಇನ್ನು ಆಟ ಇಲ್ಲ’ ಅಂದೆ. ಟಿಕೆಟ್ ತಗೊಂಡವರ ಹಾಗೆ ಬೇಜಾರು ಮಾಡಿಕೊಂಡು ಕುರ್ಚಿ ಹೊತ್ತುಕೊಂಡು ಹೋದರು. ಅಂಗಡಿಯ ಟ್ರಯಲ್ ರೂಮಿನ ಪರದೆ ಬಿಚ್ಚಿ ತಂದು ಕಿಟಕಿ ಹತ್ತಿರದ ಮೂಲೆಗೆ ಕಟ್ಟಿದೀನಿ. ಒಳಗೆ ಒಂದು ಕುರ್ಚಿ, ಒಂದು ಮೇಜು. ನಮ್ಮ ಅಂಗಡಿಯ ಪದ್ಧತಿ ನಿನಗೆ ಗೊತ್ತಲ್ಲ. ಪರದೆ ಒಳಗೆ ಹೋದ ಗಿರಾಕಿಗೆ ‘ಆಯ್ತಾ’ ಅಂತ ಕೇಳೋ ಹಾಗಿಲ್ಲ. ಕೆಲಸಕ್ಕೆ ಬಂದವರಿಗೆಲ್ಲ ಮೊದಲ ದಿನ ನಿಮ್ಮಪ್ಪ ಇದನ್ನೇ ಹೇಳ್ತಿದ್ದರು. ಈಗ ಅವರನ್ನೂ ನಾನು ಕೇಳಲ್ಲ.

ಸೀಟಿ, ವಾಚು ವಾಪಸ್ ಕಳಿಸ್ತಾ ಇದೀನಿ. ಬೇಜಾರು ಮಾಡ್ಕೋಬೇಡ.

ಒಂದೇ ಹೆದರಿಕೆ ನನಗೆ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ದಿನವೂ ಪ್ರಾಸ ಕಟ್ಟಿದ ಮನುಷ್ಯ. ಪ್ರಾಸಕ್ಕೆ ಲಕ್ವ ಹೊಡೆದಿಲ್ಲವಲ್ಲ ಅಂತ ಆವತ್ತು ನಕ್ಕಿದ್ದೆ. ಆ ಶನಿವಾರದಿಂದ ಒಂದೂ ಇಲ್ಲ.

ಅಮ್ಮ


ಅಕ್ಟೋಬರ್ ೪

ಅಪ್ಪಾ,

ಈ ಕಾಗದ ಏನನ್ನೂ ಕೇಳುವುದಕ್ಕಲ್ಲ. ಉತ್ತರ ಬರೆಯಬೇಕು ಅಂತಲೂ ಇಲ್ಲ.

ಸೋಮವಾರ ಮತ್ತೆ ಮೈಕ್ ತೆಗೆದುಕೊಂಡೆ. ಖಾಲಿ ಇದ್ದ ಕೈ ತಾನಾಗಿ ಮುಷ್ಟಿ ಕಟ್ಟಿತು. ಅದನ್ನು ಯಾರೂ ನೋಡದಿರಲಿ ಅಂತ ಬೆನ್ನ ಹಿಂದೆ ಕಟ್ಟಿಕೊಂಡೆ. ಟವೆಲ್ ಯಾಕೆ ಬೇಕು ಅಂತ ಆಗ ತಿಳಿಯಿತು. ‘ಹೋದ ಸಲ ಇಲ್ಲಿ ನಿಂತು ನಮ್ಮಪ್ಪನ ಕಥೆ ಹೇಳಿದ್ದೆ. ಅವರನ್ನು ಕೇಳದೆ ಹೇಳಿದ್ದೆ, ಅದು ಒಂದು ತಪ್ಪು. ಕಥೆಯೇ ಸುಳ್ಳಾಗಿತ್ತು, ಅದು ಇನ್ನೊಂದು. ಸೀಟಿ ಊದಿದ್ದರಿಂದ ಏನೂ ಒಳ್ಳೆಯದಾಗಲಿಲ್ಲ, ಕೆಟ್ಟದ್ದಾಯಿತು. ಊದಿಸಿದವಳು ನಾನು. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ, ಯಾರೂ ಕೇಳಬೇಡಿ’ ಅಂದೆ.

ಚಪ್ಪಾಳೆ ಬೀಳಲಿಲ್ಲ. ಹಿಂದಿನ ಸಾಲಿನಿಂದ ಯಾರೋ ‘ಹಾಗಾದ್ರೆ ಇವತ್ತು ರನ್ನಿಂಗ್ ಇಲ್ವಾ ಮಿಸ್?’ ಅಂತ ಆಸೆಯಿಂದ ಕೇಳಿದರು. ಇದೆ ಅಂದೆ. ಸಾಲಿಗೆ ಸಾಲೇ ನಿಟ್ಟುಸಿರು ಬಿಟ್ಟಿತು.

ಆಮೇಲೆ ಹೆಡ್‌ಮಿಸ್ ರೂಮಿಗೆ ಹೋಗಿ, ಸಮವಸ್ತ್ರ ಬೇರೆ ಅಂಗಡಿಗೆ ಕೊಡಿ ಅಂದೆ. ಕೊಟ್ಟಾಯಿತು. ನಿನಗೆ ಇದು ನೋವಾಗುತ್ತೆ ಅಂತ ಗೊತ್ತು. ನೋವಾದರೂ, ಮುಂದಿನ ಶನಿವಾರ, ಅದರ ಮುಂದಿನ ಶನಿವಾರ ಯಾರೂ ಬರುವುದಿಲ್ಲ ಅಂತ ನಿನಗೆ ತಿಳಿದಿರಲಿ. ಆ ನೀಲಿ ಬಟ್ಟೆಯನ್ನು ಹೆಡ್‌ಮಿಸ್ ಅವರನ್ನು ಕೇಳಿ ನಾನೇ ಇಟ್ಟುಕೊಂಡಿದ್ದೇನೆ. ಒಗೆದಿಲ್ಲ.

ನಾನು ಆವತ್ತು ನಿನ್ನ ಬೆರಳು ಹಿಡಿದದ್ದು ನೆನಪಾದರೆ ಆಟದ ಪೀರಿಯಡಿನ ನಡುವೆಯೂ ಬಾಯಿಗಿಟ್ಟ ಸೀಟಿಯನ್ನು ಇಳಿಸಿಬಿಡುತ್ತೇನೆ. ಕ್ಷಮಿಸು ಅಂತ ಬರೆದರೆ ಅದನ್ನೂ ನೀನೇ ಹೊರಬೇಕಾಗುತ್ತದೆ. ಅದಕ್ಕೇ ಬರೆಯುತ್ತಿಲ್ಲ.

ಪುಟ್ಟಿ


ನವೆಂಬರ್ ೫

ಸೀಟಿ ಇಲ್ಲದ ಸೀಟಿ ಮೇಡಂ,

ತಡವಾಯಿತು. ತಡವಾದದ್ದಕ್ಕೆ ಇಲ್ಲಿ ಈಗ ದಂಡವೂ ಇಲ್ಲ, ದಂಡಿಯಾಗಿ ಜನವೂ ಇಲ್ಲ.

ನಿನ್ನ ಕಾಗದವನ್ನು ಪರದೆ ಎಳೆದುಕೊಂಡು ಓದಿದೆ. ಬೇರೆ ಅಂಗಡಿ ಅಂತ ಓದಿ ಮುಖ ಸಣ್ಣದಾಯಿತು. ಇನ್ನು ಸುಳ್ಳು ಬೇಡ, ಆಯಿತು. ಆ ಅಂಗಡಿಯವನ ಕಾಲರು ಎಂದೂ ನೆಟ್ಟಗೆ ಕೂರುವುದಿಲ್ಲ, ಡಿಸೆಂಬರಿನಲ್ಲಿ ನೋಡು ಬೇಕಾದರೆ. ಆದರೆ ಆ ಮಧ್ಯಾಹ್ನ ಊಟ ಮಾಡಿ ಮಲಗಿದವನು ಗೊರಕೆ ಹೊಡೆದೆನಂತೆ. ಎಷ್ಟೋ ದಿನದ ಮೇಲೆ ಗೊರಕೆ ಕೇಳಿ ನಿಮ್ಮಮ್ಮ ಬಾಗಿಲಲ್ಲಿ ನಿಂತಿದ್ದಳಂತೆ.

ನಾಚಿಕೆ ಹೋಗಿದೆ ಅಂತ ತಿಳಿಯಬೇಡ. ನಿನ್ನ ಹೆಡ್‌ಮಿಸ್ ಕನಸಿಗೆ ಬರುತ್ತಾರೆ, ಬಟ್ಟೆ ಹಿಡಿದುಕೊಂಡು. ಆವತ್ತು ಅವರಿಗೆ ಕ್ಷಮೆ ಕೇಳಿದೆ. ನಿನಗೆ ಕೇಳಲಿಲ್ಲ. ಬಣ್ಣದ ವಾಸನೆ ಅಂತ ಬರೆದೆ. ‘ಕೈ ಬರುತ್ತಿಲ್ಲ ಪುಟ್ಟಿ, ಬರಬೇಡ’ ಅಂತ ಬರೆಯಲು ನಾಲ್ಕು ಮಾತು ಸಾಕಿತ್ತು. ಮಗಳ ಮುಂದೆ ಸೋಲಲು ನಾಚಿಕೆ. ನೀನು ಬೆರಳು ಬಿಡಿಸುವಾಗ ನಾನು ಬಾಯಿ ಬಿಡಬಹುದಿತ್ತು. ಹೊರುವ ಮಾತು ಬರೆದಿದ್ದೀಯಲ್ಲ, ಅರ್ಧರ್ಧ ಹೊರೋಣ.

ನಮ್ಮ ಅಂಗಡಿಗೆ ದೊಡ್ಡ ಹೊಟ್ಟೆಯ ಗಿರಾಕಿಯೊಬ್ಬರು ಬರುತ್ತಿದ್ದರಲ್ಲ, ಸೈಕಲ್ ಅಂಗಡಿಯವರು. ಪರದೆ ಒಳಗೆ ಹೋದರೆ ಹೊರಗೆ ಬರಲು ಬಹಳ ಹೊತ್ತು. ಒಳಗೆ ಉಸಿರು ಎಳೆದುಕೊಳ್ಳುವುದು ಕೇಳಿಸುತ್ತಿತ್ತು. ನಾನು ಹೊರಗೆ ಕೂತು ಬೀದಿ ನೋಡುತ್ತಿದ್ದೆ, ಅವರು ಒಳಗಿದ್ದಾರೆ ಅನ್ನುವುದೇ ಮರೆತವನ ಹಾಗೆ. ಈಗ ಪರದೆಯ ಒಳಗೆ ಕೂತ ಮೇಲೆ ಗೊತ್ತಾಯಿತು, ಈ ಕೈಗೆ ಪೋಸ್ಟ್‌ಮಾಸ್ಟರರಷ್ಟೇ ಅಲ್ಲ, ನಾನು ನೋಡಿದರೂ ಆಗುವುದಿಲ್ಲ. ದಿಟ್ಟಿಸಿದರೆ ಮುದುರುತ್ತದೆ. ಅದಕ್ಕೆ ಕಸರತ್ತಮ್ಮ ಕೊಟ್ಟ ಬಟ್ಟೆ ತುಂಡನ್ನು ಅದರ ಕೆಳಗಿಟ್ಟು, ಕೆಲಸ ಹೇಳಿ, ಕಿಟಕಿಯಿಂದ ಬೀದಿ ನೋಡುತ್ತೇನೆ. ಗಿರಾಕಿ ಒಳಗಿದ್ದಾರೆ. ಯಾವಾಗ ಬೇಕೋ ಆಗ ಬರಲಿ.

ಆಕಳಿಕೆಯನ್ನು ಈಗ ನುಂಗುವುದಿಲ್ಲ. ಬಾಯಿ ತುಂಬ ಆಕಳಿಸುತ್ತೇನೆ, ಕೈ ಎದ್ದರೆ ಏಳುತ್ತದೆ, ಇಳಿದರೆ ಇಳಿಯುತ್ತದೆ. ಮೊನ್ನೆ ನಿನ್ನ ಮಾವ ಬಂದು ಪರದೆ ನೋಡಿ ‘ಇದೇನು ಭಾವ, ನಾಟಕದ ಕಂಪನಿಯಾ?’ ಅಂದ. ‘ನಾಟಕ ಮುಗೀತು, ನಟನಿಗೆ ನಿದ್ದೆ ಬಂತು’ ಅಂದೆ. ಅಡುಗೆಮನೆಯಲ್ಲಿ ಏನೋ ಠಣ್ ಅಂತ ಬಿತ್ತು. ನಿಮ್ಮಮ್ಮ ಸೌಟು ಕೈಲಿಲ್ಲದೆ ಹೊರಗೆ ಬಂದಳು. ಕಣ್ಣು ಒದ್ದೆ ಯಾಕೆ ಅಂದರೆ ಈರುಳ್ಳಿ ಅಂದಳು. ಆವತ್ತು ಈರುಳ್ಳಿಯೇ ಇರಲಿಲ್ಲ.

ರಜೆ ಸಿಕ್ಕಾಗ ಬಾ. ಆ ಬಟ್ಟೆಯನ್ನು ಒಗೆದು ತಾ, ತುಂಡು ಬಟ್ಟೆಗೆ ನಮ್ಮಲ್ಲಿ ಯಾವಾಗಲೂ ಕೆಲಸ ಇರುತ್ತದೆ. ಪರದೆಯ ಹೊರಗೆ ಕೂತು ನಿನ್ನ ಸ್ಕೂಲಿನ ಸುದ್ದಿ ಹೇಳು. ಒಂದು ಮಾತು ಮಾತ್ರ ಕೇಳಬಾರದು, ಯಾವುದು ಅಂತ ನಿನಗೆ ಗೊತ್ತು.

ನನ್ನ ಕತ್ತರಿಯನ್ನು ನಿನ್ನೆ ಸಾಣೆಗೆ ಕಳಿಸಿದೆ. ಮೇಜಿನ ಮೇಲೆ ಬೇರೆ ಭಾರದ ವಸ್ತು ಏನೂ ಇಲ್ಲ. ನಿಮ್ಮಮ್ಮನಿಗೆ ಸೆಕೆ, ಫ್ಯಾನು ಜೋರಾಗಿಯೇ ತಿರುಗುತ್ತಿದೆ. ನಾನು ಎಡಗೈಯಲ್ಲಿ ಬರೆಯುತ್ತಾ ಆದಷ್ಟೂ ಬಲಗಡೆ ನೋಡದೆ ಇದ್ದೇನೆ. ಮೊದಲ ಸಾಲಿನಿಂದ ಇಲ್ಲಿಯವರೆಗೆ ಕಾಗದ ಒಂದು ಸಲವೂ ಹಾರಿಲ್ಲ.

ಬಲಮೂಲೆಯಲ್ಲಿ ಅಂಗೈಯಷ್ಟಗಲ ಬೆವರಿನ ಗುರುತು ಕಂಡರೆ ಕ್ಷಮಿಸು, ಕಾಗದ ಕೊಳೆಯಾಗಿದೆ.

ಅಪ್ಪ